ಸಂಶೋಧನೆಗೆ ದುಡ್ಡು ಹೊಂದಿಸಿದ ವಕೀಲರು: ಆಶುತೋಷ ಮುಖರ್ಜಿ

ಪ್ರತಿ ವರ್ಷ ಫೆಬ್ರವರಿ 28 ಬಂತೆಂದರೆ ನಮ್ಮ ಕ್ಯಾಂಪಸ್ಸಿನಲ್ಲಿ ರಾಷ್ಟ್ರೀಯ ವಿಜ್ಞಾನ ದಿನ. ಸೆಮಿನಾರ್ ಹಾಲ್‌ನಲ್ಲಿ ಸಿ.ವಿ. ರಾಮನ್ ಫೋಟೋಗೆ ಹಾರ, ಒಂದು ಕ್ವಿಜ್, ಒಂದು ಪೋಸ್ಟರ್ ಸ್ಪರ್ಧೆ. ರಾಮನ್ ಪರಿಣಾಮ ಅಂದರೇನು ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನ ಥಟ್ಟಂತ ಹೇಳಿಬಿಡುತ್ತೇವೆ. ಆದರೆ ಆ ಪರಿಣಾಮವನ್ನು ಕಂಡುಹಿಡಿಯುವಾಗ ರಾಮನ್ ಅವರಿಗೆ ಸಂಬಳ ಎಲ್ಲಿಂದ ಬರುತ್ತಿತ್ತು ಅಂತ ಯಾವ ಕ್ವಿಜ್‌ನಲ್ಲೂ ಕೇಳುವುದಿಲ್ಲ. ಉತ್ತರ ಗೊತ್ತಾದಾಗ ನಮಗೂ ಆಶ್ಚರ್ಯವಾಯಿತು. ಅದು ಒಬ್ಬ ಬ್ಯಾರಿಸ್ಟರ್ ಬಿಟ್ಟುಕೊಟ್ಟ ಆಸ್ತಿಯಿಂದ ಬರುತ್ತಿತ್ತು. ಆ ಆಸ್ತಿಯನ್ನು ವಿಶ್ವವಿದ್ಯಾಲಯಕ್ಕೆ ತಂದು, ಕಾಗದಪತ್ರ ಮಾಡಿಸಿ, ಅದರ ಮೇಲೊಂದು ಪೀಠ ಕಟ್ಟಿದವರು ಇನ್ನೊಬ್ಬ ವಕೀಲರು. ಅವರೇ ಸರ್ ಆಶುತೋಷ ಮುಖರ್ಜಿ.

ಫೈನಲ್ ಇಯರ್ ಪ್ರಾಜೆಕ್ಟಿಗೆ ಸೆನ್ಸರ್, ಮೋಟರು, ಬೋರ್ಡು ಅಂತ ನಾಲ್ಕು ಜನ ಸೇರಿ ಕೈಯಿಂದ ದುಡ್ಡು ಹಾಕಿದವರಿಗೆಲ್ಲ ಒಂದು ವಿಷಯ ಗೊತ್ತಿದೆ. ಐಡಿಯಾ ಇದ್ದರೆ ಸಾಲದು, ಅದನ್ನು ಮಾಡುವಷ್ಟು ದಿನ ಯಾರಾದರೂ ಖರ್ಚು ನೋಡಿಕೊಳ್ಳಬೇಕು. ಈ ಮಾತು ಆಶುತೋಷರಿಗೆ ಇಪ್ಪತ್ತೈದರ ಆಸುಪಾಸಿನಲ್ಲೇ ಚೆನ್ನಾಗಿ ಅರ್ಥವಾಗಿತ್ತು. ಅದಕ್ಕೊಂದು ಕಾರಣವಿದೆ.

ಗಣಿತದ ಹುಡುಗ

ಆಶುತೋಷರು ಹುಟ್ಟಿದ್ದು 1864ರ ಜೂನ್ 29ರಂದು, ಕಲ್ಕತ್ತೆಯಲ್ಲಿ. ತಂದೆ ಗಂಗಾಪ್ರಸಾದರು ಭವಾನಿಪುರದಲ್ಲಿ ಹೆಸರಾಂತ ವೈದ್ಯರು. ಮಗನ ಓದಿನ ಬಗ್ಗೆ ತುಂಬ ಆಸೆ ಇಟ್ಟುಕೊಂಡವರು. ಹುಡುಗನಿಗೆ ಗಣಿತದ ಹುಚ್ಚು. ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದ ಹೊಸದರಲ್ಲೇ, ಯೂಕ್ಲಿಡ್‌ನ ಒಂದು ಪ್ರಮೇಯಕ್ಕೆ ಹೊಸ ಸಾಧನೆ ಬರೆದು ಇಂಗ್ಲೆಂಡಿನ ಗಣಿತ ಪತ್ರಿಕೆಗೆ ಕಳಿಸಿದ, ಅದು ಅಚ್ಚಾಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಪಿಯುಸಿ ವಯಸ್ಸಿನಲ್ಲೇ ಒಂದು ಪೇಪರ್!

1884ರಲ್ಲಿ ಬಿ.ಎ., 1885ರಲ್ಲಿ ಗಣಿತದಲ್ಲಿ ಎಂ.ಎ., ಮರುವರ್ಷವೇ ವಿಜ್ಞಾನದಲ್ಲಿ ಇನ್ನೊಂದು ಎಂ.ಎ. ಅದೇ 1886ರಲ್ಲಿ ಆ ಕಾಲದ ದೊಡ್ಡ ಗೌರವವಾಗಿದ್ದ ಪ್ರೇಮ್‌ಚಂದ್ ರಾಯ್‌ಚಂದ್ ವಿದ್ಯಾರ್ಥಿವೇತನ. ಜ್ಯಾಮಿತಿ ಮತ್ತು ಅವಕಲ ಸಮೀಕರಣಗಳ ಮೇಲೆ ಒಂದರ ಹಿಂದೊಂದು ಲೇಖನ ಬರೆದರು. ಡಿಫರೆನ್ಷಿಯಲ್ ಈಕ್ವೇಷನ್ ಅಂದರೆ ಬ್ಯಾಕ್‌ಲಾಗ್ ನೆನಪಾಗುವ ನಮಗೆ ಇದು ಸ್ವಲ್ಪ ಕಷ್ಟದ ಮಾತು. ಶಂಕುಚ್ಛೇದಗಳೆಲ್ಲವನ್ನೂ ಒಟ್ಟಿಗೆ ವರ್ಣಿಸುವ ಮೊಂಜ್ ಅವರ ಸಮೀಕರಣಕ್ಕೆ ಜ್ಯಾಮಿತಿಯ ಅರ್ಥ ಏನು ಅನ್ನುವುದರ ಮೇಲೆ ಅವರು ಮಾಡಿದ ಕೆಲಸವನ್ನು ಹೊರದೇಶದವರೂ ಗಮನಿಸಿದರು. ಎಡಿನ್‌ಬರೋದ ರಾಯಲ್ ಸೊಸೈಟಿ ಅವರನ್ನು ಫೆಲೋ ಮಾಡಿಕೊಂಡಾಗ ಅವರಿಗಿನ್ನೂ 22 ವರ್ಷ.

ಇಷ್ಟೆಲ್ಲ ಇದ್ದೂ ಗಣಿತವನ್ನೇ ನಂಬಿ ಬದುಕುವ ದಾರಿ ಇರಲಿಲ್ಲ. ಸರಕಾರಿ ಶಿಕ್ಷಣ ಇಲಾಖೆಯಲ್ಲಿ ಕೆಲಸ ಸಿಗುವ ಹಾಗಿತ್ತು. ಆದರೆ ಅದೇ ಕೆಲಸಕ್ಕೆ ಇಂಗ್ಲಿಷರಿಗೊಂದು ಸಂಬಳ, ಭಾರತೀಯರಿಗೊಂದು ಸಂಬಳ. ಅದನ್ನು ಅವರು ಒಪ್ಪಲಿಲ್ಲ. ಕಲ್ಕತ್ತಾ ವಿಶ್ವವಿದ್ಯಾಲಯವಾದರೂ ಇತ್ತಲ್ಲ ಅಂತ ನಾವು ಕೇಳಬಹುದು. ಇತ್ತು, 1857ರಿಂದಲೇ ಇತ್ತು. ಆದರೆ ಆಗ ಅದು ಪರೀಕ್ಷೆ ಮಾಡಿ ಪದವಿ ಕೊಡುವ ಕಚೇರಿ ಅಷ್ಟೇ. ಪಾಠ ಕಾಲೇಜುಗಳಲ್ಲಿ. ಸಂಶೋಧನೆ ಮಾಡಿಕೊಂಡಿರಿ ಅಂತ ಸಂಬಳ ಕೊಟ್ಟು ಕೂರಿಸುವ ಒಂದು ಕುರ್ಚಿಯೂ ಅಲ್ಲಿ ವಿಜ್ಞಾನಕ್ಕೆ ಇರಲಿಲ್ಲ.

ಮನೆ ನಡೆಯಬೇಕಲ್ಲ, ಕಾನೂನು ಓದಿದರು. ರಾಶ್‌ಬಿಹಾರಿ ಘೋಷ್ ಎಂಬ ದೊಡ್ಡ ವಕೀಲರ ಕೈಕೆಳಗೆ ಕೆಲಸ ಕಲಿತು 1888ರಲ್ಲಿ ಹೈಕೋರ್ಟಿನ ವಕೀಲರಾದರು. ಮನಸ್ಸು ಮಾತ್ರ ಗಣಿತದಲ್ಲೇ. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಕಟ್ಟಿದ್ದ ವಿಜ್ಞಾನ ಸಂಘಕ್ಕೆ ಹೋಗಿ ಗಣಿತದ ಉಪನ್ಯಾಸ ಕೊಡುತ್ತಿದ್ದರು. 1890ರಲ್ಲಿ ಗುರುದಾಸ ಬ್ಯಾನರ್ಜಿಯವರು ವಿಶ್ವವಿದ್ಯಾಲಯದ ಕುಲಪತಿಯಾದರು, ಆ ಹುದ್ದೆಗೆ ಬಂದ ಮೊದಲ ಭಾರತೀಯರು. ಈ ಹುಡುಗ ಕೋರ್ಟಿಗೆ ಹೋಗಿ ಕಳೆದುಹೋಗಬಾರದು, ಇವನಿಗಾಗಿ ಒಂದು ಸಂಶೋಧನಾ ಪೀಠ ಮಾಡೋಣ ಅಂತ ಅವರು ಊರಿನ ಶ್ರೀಮಂತರ ಕಡೆ ನೋಡಿದರು. ಕಲ್ಕತ್ತೆಯಲ್ಲಿ ದುಡ್ಡಿಗೇನೂ ಬರ ಇರಲಿಲ್ಲ, ಮದುವೆ ಮುಂಜಿಗಳಿಗೆ ಲಕ್ಷಗಟ್ಟಲೆ ಸುರಿಯುವ ಮನೆತನಗಳಿದ್ದವು. ಆದರೆ ಒಬ್ಬ ಗಣಿತಜ್ಞನ ವರ್ಷದ ಸಂಬಳ ಹುಟ್ಟಲಿಲ್ಲ. ಪೀಠ ಆಗಲಿಲ್ಲ. ಆಶುತೋಷರು ಕೋರ್ಟಿನ ದಾರಿ ಹಿಡಿದರು. ಗಣಿತದ ಲೇಖನಗಳು ಕ್ರಮೇಣ ನಿಂತುಹೋದವು.

ಇಲ್ಲೇ ಸ್ವಲ್ಪ ನಿಲ್ಲಬೇಕು ಅನಿಸುತ್ತದೆ ನಮಗೆ. ಮುಂದೆ ಅವರು ಮಾಡಿದ ಕೆಲಸವೆಲ್ಲ ಈ ಒಂದು ಸೋಲಿನಿಂದ ಹುಟ್ಟಿದ್ದು. ತನಗೆ ಸಿಗದ ಕುರ್ಚಿಯನ್ನು ಅವರು ಆಮೇಲೆ ಮೂವತ್ತು ವರ್ಷ ಬೇರೆಯವರಿಗಾಗಿ ಮಾಡಿಸಿದರು.

ಒಂದು ಉಯಿಲಿನ ಎರಡು ಭಾಗ

ವಿಜ್ಞಾನಕ್ಕೆ ಕುರ್ಚಿ ಇರಲಿಲ್ಲ ಅಂದೆವು. ವಿಚಿತ್ರ ಅಂದರೆ ಕಾನೂನಿಗೆ ಒಂದು ಇತ್ತು. ಅದರ ಕಥೆ ಹೇಳಲೇಬೇಕು.

ಕಲ್ಕತ್ತೆಯ ಪ್ರಸನ್ನಕುಮಾರ ಟಾಗೋರ್ ದೊಡ್ಡ ಜಮೀನ್ದಾರರು, ವಕೀಲರೂ ಹೌದು. ಅವರ ಮಗ ಜ್ಞಾನೇಂದ್ರಮೋಹನ ಕ್ರೈಸ್ತ ಧರ್ಮಕ್ಕೆ ಸೇರಿದ. ಸಿಟ್ಟಾದ ತಂದೆ ಉಯಿಲಿನಲ್ಲಿ ಮಗನಿಗೆ ಆಸ್ತಿ ಬಿಡಲಿಲ್ಲ. ಆಸ್ತಿ ಮುಂದೆ ಯಾರಿಗೆ, ಅವರ ನಂತರ ಯಾರಿಗೆ, ಇನ್ನೂ ಹುಟ್ಟದೇ ಇರುವ ಯಾವ ಗಂಡುಮಕ್ಕಳಿಗೆ ಅಂತ ತಲೆತಲಾಂತರಕ್ಕೂ ಬರೆದಿಟ್ಟರು. ಜೊತೆಗೆ ಇನ್ನೊಂದು ಮಾತನ್ನೂ ಬರೆದರು. ವಿಶ್ವವಿದ್ಯಾಲಯದಲ್ಲಿ ತಮ್ಮ ಹೆಸರಿನಲ್ಲಿ ಒಂದು ಕಾನೂನು ಪ್ರಾಧ್ಯಾಪಕ ಪೀಠ ಇರಬೇಕು, ಅದರಲ್ಲಿ ಕೂತವರು ಒಂದು ವಿಷಯ ಹಿಡಿದು ಅಧ್ಯಯನ ಮಾಡಿ ಉಪನ್ಯಾಸ ಕೊಡಬೇಕು, ಆ ಉಪನ್ಯಾಸಗಳು ಪುಸ್ತಕವಾಗಿ ಅಚ್ಚಾಗಬೇಕು.

1868ರಲ್ಲಿ ಅವರು ತೀರಿಕೊಂಡರು. ಮಗ ಕೋರ್ಟಿಗೆ ಹೋದ. ಮೊಕದ್ದಮೆ ಲಂಡನ್ನಿನ ಪ್ರೀವಿ ಕೌನ್ಸಿಲ್‌ವರೆಗೂ ಹೋಗಿ, 1872ರಲ್ಲಿ ತೀರ್ಪು ಬಂತು. ಹುಟ್ಟದೇ ಇರುವವರಿಗೆ ಹೀಗೆ ಆಸ್ತಿ ಬರೆದಿಡುವುದು ನಡೆಯುವುದಿಲ್ಲ ಅಂತ ಆಯಿತು. ಅಂದರೆ ಮನೆತನದಲ್ಲೇ ಆಸ್ತಿ ಕಟ್ಟಿಹಾಕಲು ಬರೆದ ಭಾಗ ಬಿದ್ದುಹೋಯಿತು. ಕಾನೂನು ಪೀಠದ ಭಾಗ ನಿಂತಿತು. 1870ರಲ್ಲೇ ಟಾಗೋರ್ ಕಾನೂನು ಉಪನ್ಯಾಸಗಳು ಶುರುವಾಗಿದ್ದವು. ನಮ್ಮ ದೇಶದಲ್ಲಿ ಒಬ್ಬರಿಗೆ ದುಡ್ಡು ಕೊಟ್ಟು, ಒಂದು ವಿಷಯ ಕೊಟ್ಟು, ಸಂಶೋಧನೆ ಮಾಡಿ ಪುಸ್ತಕ ಬರೆಯಿರಿ ಅಂತ ವಿಶ್ವವಿದ್ಯಾಲಯ ಹೇಳಿದ ಹಳೆಯ ಏರ್ಪಾಡುಗಳಲ್ಲಿ ಇದೂ ಒಂದು. ರಾಶ್‌ಬಿಹಾರಿ ಘೋಷರು ಈ ಪೀಠದಿಂದ ಅಡಮಾನದ ಕಾನೂನಿನ ಮೇಲೆ ಮಾತಾಡಿದರು, ಅದು ವಕೀಲರ ಮೇಜಿನ ಮೇಲೆ ದಶಕಗಳ ಕಾಲ ಇದ್ದ ಪುಸ್ತಕವಾಯಿತು. ಗುರುದಾಸ ಬ್ಯಾನರ್ಜಿಯವರು 1878ರಲ್ಲಿ ಹಿಂದೂ ವಿವಾಹ ಮತ್ತು ಸ್ತ್ರೀಧನದ ಮೇಲೆ ಮಾತಾಡಿದರು.

1898ರಲ್ಲಿ ಆ ಪೀಠ ಆಶುತೋಷರಿಗೆ ಬಂತು. ಅವರು ಆರಿಸಿಕೊಂಡ ವಿಷಯ ಯಾವುದು ಗೊತ್ತಾ? ಸತ್ತವರ ಮಾತು ಎಷ್ಟು ಕಾಲ ಬದುಕಿರುವವರ ಆಸ್ತಿಯನ್ನು ಆಳಬಹುದು ಅನ್ನುವುದೇ. ಕಾನೂನಿನವರು ಅದನ್ನು ಪರ್ಪೆಚುಯಿಟಿ ಅಂತ ಕರೆಯುತ್ತಾರೆ. ಸರಳವಾಗಿ ಹೇಳುವುದಾದರೆ, ಒಬ್ಬ ಮನುಷ್ಯ ತನ್ನ ಆಸ್ತಿಯನ್ನು ಮೊಮ್ಮಕ್ಕಳ ಮರಿಮಕ್ಕಳವರೆಗೂ ಹೀಗೇ ಇರಲಿ ಅಂತ ಬೀಗ ಹಾಕಲು ಕಾನೂನು ಬಿಡುವುದಿಲ್ಲ. ಅದಕ್ಕೊಂದು ಕಾಲಮಿತಿ ಇದೆ. ಆದರೆ 1882ರ ಆಸ್ತಿ ವರ್ಗಾವಣೆ ಕಾಯಿದೆಯಲ್ಲಿ ಒಂದು ವಿನಾಯಿತಿಯೂ ಇದೆ. ಧರ್ಮ, ಜ್ಞಾನ, ವಾಣಿಜ್ಯ, ಆರೋಗ್ಯ ಮುಂತಾದ ಸಾರ್ವಜನಿಕ ಹಿತಕ್ಕೆ ಕೊಟ್ಟ ಆಸ್ತಿಗೆ ಆ ಮಿತಿ ಇಲ್ಲ. ಮನೆಗೆ ಬಿಟ್ಟದ್ದನ್ನು ಎಂದೆಂದಿಗೂ ಕಟ್ಟಿಡಲಾಗದು, ಜ್ಞಾನಕ್ಕೆ ಬಿಟ್ಟದ್ದನ್ನು ಕಟ್ಟಿಡಬಹುದು. ಟಾಗೋರರ ಉಯಿಲಿನಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ. ಈ ವಿಷಯವನ್ನು ಅರೆದು ಕುಡಿದ ಮನುಷ್ಯನೇ ಮುಂದೆ ಕಲ್ಕತ್ತೆಯ ಶ್ರೀಮಂತ ವಕೀಲರ ಎದುರು ಕೂತು ದತ್ತಿಪತ್ರಗಳ ಬಗ್ಗೆ ಮಾತಾಡಿದ್ದು.

ಕುಲಪತಿ, ಸಂಬಳವಿಲ್ಲದೆ

1904ರಲ್ಲಿ ಆಶುತೋಷರು ಹೈಕೋರ್ಟಿನ ನ್ಯಾಯಾಧೀಶರಾದರು. 1906ರಲ್ಲಿ ಕುಲಪತಿ. ಆಗ ಕುಲಪತಿ ಹುದ್ದೆಗೆ ಸಂಬಳ ಇರಲಿಲ್ಲ. ಹಗಲು ಕೋರ್ಟು, ಸಂಜೆ ಸೆನೆಟ್ ಹೌಸು, ರಾತ್ರಿ ಮನೆಯಲ್ಲಿ ಫೈಲು. ಹೀಗೆ 1914ರವರೆಗೆ ಎಂಟು ವರ್ಷ.

1904ರ ವಿಶ್ವವಿದ್ಯಾಲಯ ಕಾಯಿದೆಯನ್ನು ಲಾರ್ಡ್ ಕರ್ಜನ್ ಸರಕಾರ ತಂದಾಗ, ಇದು ವಿಶ್ವವಿದ್ಯಾಲಯಗಳ ಮೇಲೆ ಸರಕಾರದ ಹಿಡಿತ ಬಿಗಿ ಮಾಡಲು ತಂದದ್ದು ಅಂತ ದೇಶದಲ್ಲೆಲ್ಲ ಸಿಟ್ಟಿತ್ತು. ಆ ಸಿಟ್ಟು ಸುಳ್ಳಲ್ಲ. ಆದರೆ ಆಶುತೋಷರ ವಕೀಲರ ಕಣ್ಣಿಗೆ ಅದರಲ್ಲೇ ಇನ್ನೊಂದು ವಾಕ್ಯ ಕಂಡಿತು. ವಿಶ್ವವಿದ್ಯಾಲಯ ಇನ್ನುಮೇಲೆ ತಾನೇ ಪಾಠ ಮಾಡಬಹುದು, ಪ್ರಾಧ್ಯಾಪಕರನ್ನು ನೇಮಿಸಬಹುದು, ದತ್ತಿಗಳನ್ನು ನಿರ್ವಹಿಸಬಹುದು, ಪ್ರಯೋಗಾಲಯ ಕಟ್ಟಬಹುದು. ಹಿಡಿತಕ್ಕೆ ಅಂತ ಬಂದ ಕಾಯಿದೆಯನ್ನೇ ಅವರು ಮೆಟ್ಟಿಲು ಮಾಡಿಕೊಂಡರು.

ಮೊದಲ ಪ್ರಯೋಗ ಮಾಡಿದ್ದು ಕಾನೂನಿನಲ್ಲೇ. ಆ ತನಕ ಕಾನೂನು ಪಾಠ ಅಂದರೆ ಬೇರೆ ಬೇರೆ ಕಾಲೇಜುಗಳಿಗೆ ಅಂಟಿಕೊಂಡಿದ್ದ ತರಗತಿಗಳು. ಹಾಜರಿ ಹಾಕಿಸಿಕೊಂಡು ಹೋದರೆ ಮುಗಿಯಿತು ಅನ್ನುವ ಪರಿಸ್ಥಿತಿ. ಈ ಅಟೆಂಡೆನ್ಸ್ ಕಥೆ ನಮಗೇನು ಹೊಸದಲ್ಲ ಬಿಡಿ! 1909ರಲ್ಲಿ ವಿಶ್ವವಿದ್ಯಾಲಯ ತನ್ನದೇ ಕಾನೂನು ಕಾಲೇಜು ತೆರೆಯಿತು. ದರ್ಭಾಂಗದ ಮಹಾರಾಜ ರಾಮೇಶ್ವರ ಸಿಂಗ್ ಅವರು ಗ್ರಂಥಾಲಯದ ಕಟ್ಟಡಕ್ಕೆ 2.5 ಲಕ್ಷ ರೂಪಾಯಿ ಕೊಟ್ಟರು. ಆ ದರ್ಭಾಂಗ ಕಟ್ಟಡದಲ್ಲಿ ಪುಸ್ತಕಗಳ ಜೊತೆಗೆ ಕಾನೂನು ಕಾಲೇಜಿಗೂ ಜಾಗವಾಯಿತು. ವಿಶ್ವವಿದ್ಯಾಲಯ ತಾನೇ ಒಂದು ಕಾಲೇಜು ನಡೆಸಬಲ್ಲದು, ದಾನಿಗಳ ದುಡ್ಡಿಗೆ ಲೆಕ್ಕ ಇಡಬಲ್ಲದು ಅಂತ ಅಲ್ಲಿ ತೋರಿಸಿಕೊಟ್ಟ ಹಾಗಾಯಿತು. ನಂತರ ವಿಜ್ಞಾನ.

ಪಾಲಿತ್ ಮತ್ತು ಘೋಷ್

ತಾರಕನಾಥ ಪಾಲಿತ್ ಬ್ಯಾರಿಸ್ಟರು. ಸ್ವದೇಶಿ ಚಳವಳಿಯ ಕಾಲದಲ್ಲಿ, 1906ರಲ್ಲಿ, ಸರಕಾರಿ ಶಿಕ್ಷಣವೇ ಬೇಡ ಅಂತ ಹೊರಟವರ ಜೊತೆ ಸೇರಿ ಬಂಗಾಳ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಕಟ್ಟಿದ್ದರು. ಇವತ್ತಿನ ಜಾದವ್‌ಪುರ ವಿಶ್ವವಿದ್ಯಾಲಯದ ಬೇರು ಅಲ್ಲಿದೆ. ಇಂಜಿನಿಯರಿಂಗ್ ಓದುವ ನಾವು ಇವರ ಹೆಸರು ಈ ಕಾರಣಕ್ಕಾದರೂ ತಿಳಿದಿರಬೇಕು. ರಾಶ್‌ಬಿಹಾರಿ ಘೋಷರೂ ಆಗ ಅದೇ ರಾಷ್ಟ್ರೀಯ ಶಿಕ್ಷಣದ ಗುಂಪಿನ ಮುಂದಾಳು. ಅಂದರೆ ಇಬ್ಬರೂ ಕಲ್ಕತ್ತಾ ವಿಶ್ವವಿದ್ಯಾಲಯದ ಎದುರು ಪಾಳಯದವರು. ಅಂಥವರನ್ನು ಆಶುತೋಷರು ಒಲಿಸಿಕೊಂಡರು.

1912ರಲ್ಲಿ ಪಾಲಿತ್ ಅವರು ನಗದು, ಮನೆ, ಜಾಗ ಎಲ್ಲ ಸೇರಿ ಸುಮಾರು 15 ಲಕ್ಷ ರೂಪಾಯಿ ಬೆಲೆಯದ್ದನ್ನು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಭೌತಶಾಸ್ತ್ರಕ್ಕೊಂದು ಪೀಠ, ರಸಾಯನಶಾಸ್ತ್ರಕ್ಕೊಂದು ಪೀಠ. ಒಂದು ಷರತ್ತು: ಆ ಪೀಠಗಳಲ್ಲಿ ಕೂರುವವರು ಭಾರತೀಯರೇ ಆಗಿರಬೇಕು. ಮರುವರ್ಷ ರಾಶ್‌ಬಿಹಾರಿ ಘೋಷರು 10 ಲಕ್ಷ ಕೊಟ್ಟರು. ಅನ್ವಯಿಕ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಅಂತ ನಾಲ್ಕು ಪೀಠ, ಜೊತೆಗೆ ಎಂಟು ಸಂಶೋಧನಾ ವಿದ್ಯಾರ್ಥಿಗಳಿಗೆ ವೇತನ. 1919ರಲ್ಲಿ ಅವರೇ ಮತ್ತೆ ಸುಮಾರು 11 ಲಕ್ಷ ಕೊಟ್ಟರು, ಈ ಸಲ ಅನ್ವಯಿಕ ವಿಜ್ಞಾನಕ್ಕೆ.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ, ನಮ್ಮದೇ ಲೆಕ್ಕ. 10 ಲಕ್ಷವನ್ನು ಮುಟ್ಟದೆ ಇಟ್ಟು ಶೇಕಡಾ 3.5ರ ಬಡ್ಡಿ ಬರುತ್ತದೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 35,000. ಒಬ್ಬ ಪ್ರಾಧ್ಯಾಪಕರಿಗೆ ತಿಂಗಳಿಗೆ 600 ಅಂದರೆ ನಾಲ್ವರಿಗೆ ವರ್ಷಕ್ಕೆ 28,800. ಉಳಿದದ್ದು 6,200. ಅದನ್ನು ಎಂಟು ವಿದ್ಯಾರ್ಥಿಗಳಿಗೆ ಹಂಚಿದರೆ ತಲೆಗೆ ತಿಂಗಳಿಗೆ 64 ರೂಪಾಯಿ ಚಿಲ್ಲರೆ. ಅಲ್ಲಿಗೆ ದುಡ್ಡು ಖಾಲಿ. ಯಂತ್ರಕ್ಕೆ, ಗಾಜಿನ ಸಾಮಾನಿಗೆ, ಪುಸ್ತಕಕ್ಕೆ ಏನೂ ಉಳಿಯಲಿಲ್ಲ. ಹತ್ತು ಲಕ್ಷ ಅಂದರೆ ಎಷ್ಟು ದೊಡ್ಡದು ಅನಿಸುತ್ತದೆ, ಬಡ್ಡಿಯ ಲೆಕ್ಕಕ್ಕೆ ಬಂದಾಗ ಎಷ್ಟು ಚಿಕ್ಕದು ನೋಡಿ. ಉಳಿದದ್ದನ್ನು ಸರಕಾರ ಕೊಡಬೇಕಿತ್ತು. ಆಶುತೋಷರು ಕೇಳುತ್ತಲೇ ಇದ್ದರು, ವಿಜ್ಞಾನ ಕಾಲೇಜಿಗೆ ಅಂತ ಕೈತುಂಬ ಬರಲೇ ಇಲ್ಲ.

1914ರ ಮಾರ್ಚ್ 27ರಂದು, ಕುಲಪತಿ ಅವಧಿ ಮುಗಿಯಲು ಇನ್ನು ಕೆಲವೇ ದಿನ ಇರುವಾಗ, ಆಶುತೋಷರು ಅಪ್ಪರ್ ಸರ್ಕ್ಯುಲರ್ ರಸ್ತೆಯಲ್ಲಿ ವಿಜ್ಞಾನ ಕಾಲೇಜಿಗೆ ಅಡಿಗಲ್ಲು ಹಾಕಿದರು. ಪಾಲಿತ್ ಅವರು ಅದೇ ವರ್ಷ ತೀರಿಕೊಂಡರು.

ಕುರ್ಚಿಯಲ್ಲಿ ಯಾರು?

ದುಡ್ಡು ತರುವುದು ಅರ್ಧ ಕೆಲಸ. ಅದರ ಮೇಲೆ ಯಾರನ್ನು ಕೂರಿಸಬೇಕು ಅನ್ನುವುದು ಇನ್ನರ್ಧ. ರಸಾಯನಶಾಸ್ತ್ರದ ಪಾಲಿತ್ ಪೀಠಕ್ಕೆ ಪ್ರಫುಲ್ಲಚಂದ್ರ ರಾಯ್ ಬಂದರು. ಭೌತಶಾಸ್ತ್ರಕ್ಕೆ? ಊರಿನಲ್ಲೇ ಹಣಕಾಸು ಇಲಾಖೆಯಲ್ಲಿ ಒಬ್ಬ ತರುಣ ಅಧಿಕಾರಿ ಇದ್ದರು. ಬೆಳಿಗ್ಗೆ ಆಫೀಸಿಗೆ ಮುಂಚೆ, ಸಂಜೆ ಆಫೀಸು ಮುಗಿದ ಮೇಲೆ ಬೌಬಜಾರ್ ಬೀದಿಯ ವಿಜ್ಞಾನ ಸಂಘದಲ್ಲಿ ಕೂತು ಪ್ರಯೋಗ ಮಾಡುತ್ತಿದ್ದರು. ಆಶುತೋಷರು ತಾವೂ ಗಣಿತ ಹೇಳಿಕೊಟ್ಟಿದ್ದ ಅದೇ ಸಂಘ. ಹೊಟ್ಟೆಪಾಡಿಗೊಂದು ಕೆಲಸ, ಮನಸ್ಸಿಗೊಂದು ಕೆಲಸ ಅಂತ ಎರಡು ದೋಣಿಯಲ್ಲಿ ಕಾಲಿಟ್ಟ ಆ ತರುಣನಲ್ಲಿ ಅವರಿಗೆ ತಮ್ಮ ಹಳೆಯ ಮುಖ ಕಂಡಿರಬೇಕು ಅಂತ ನಮ್ಮ ಊಹೆ. ಆ ತರುಣನೇ ರಾಮನ್.

ಪೀಠದ ನಿಯಮದಲ್ಲಿ ಒಂದು ತೊಡಕಿತ್ತು. ಆಯ್ಕೆಯಾದವರು ಹೊರದೇಶಕ್ಕೆ ಹೋಗಿ ತರಬೇತಿ ಪಡೆದು ಬರಬೇಕು. ರಾಮನ್ ಅದಕ್ಕೆ ಒಪ್ಪಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ನಿಯಮ ತೋರಿಸಿ ಇನ್ನೊಬ್ಬರನ್ನು ಹುಡುಕುತ್ತಿದ್ದರು. ಆಶುತೋಷರು ರಾಮನ್ ಅವರ ಪರ ನಿಂತರು, ಷರತ್ತು ಸಡಿಲವಾಯಿತು. 1917ರಲ್ಲಿ ರಾಮನ್ ಸರಕಾರಿ ಕೆಲಸ ಬಿಟ್ಟು, ಸಂಬಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿಕೊಂಡು ಪಾಲಿತ್ ಪ್ರಾಧ್ಯಾಪಕರಾದರು. 1928ರ ಫೆಬ್ರವರಿ 28ರಂದು ಅವರು ಆ ಕುರ್ಚಿಯಲ್ಲೇ ಇದ್ದರು. 1930ರಲ್ಲಿ ನೊಬೆಲ್. 1933ರಲ್ಲಿ ನಮ್ಮ ಬೆಂಗಳೂರಿಗೆ ಬಂದದ್ದು ಮುಂದಿನ ಕಥೆ.

ಪೀಠದವರಷ್ಟೇ ಅಲ್ಲ, ಪರೀಕ್ಷೆ ಮುಗಿಸಿ ಆಗಷ್ಟೇ ಹೊರಬಂದ ಹುಡುಗರನ್ನೂ ಅವರು ಕರೆದರು. ಸತ್ಯೇಂದ್ರನಾಥ ಬೋಸ್ ಮತ್ತು ಮೇಘನಾದ ಸಹಾ 1916ರಲ್ಲಿ ಉಪನ್ಯಾಸಕರಾಗಿ ಸೇರಿದಾಗ ಇಬ್ಬರಿಗೂ 22-23ರ ವಯಸ್ಸು. ಮಹಾಯುದ್ಧದ ಕಾಲ, ಜರ್ಮನಿಯಿಂದ ಪತ್ರಿಕೆ ಪುಸ್ತಕ ಬರುವುದು ನಿಂತಿತ್ತು. ಶಿಬ್‌ಪುರದ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಬ್ರೂಲ್ ಎಂಬ ಜರ್ಮನ್ ಮೂಲದ ಪ್ರಾಧ್ಯಾಪಕರ ಹತ್ತಿರ ಪುಸ್ತಕ ಕಡ ತಂದು ಓದಿ, ತಾವು ಓದಿದ್ದನ್ನೇ ಪಾಠ ಮಾಡಿದರು. ಸಹಾ ಅವರ ಅಯಾನೀಕರಣ ಸೂತ್ರ 1920ರಲ್ಲಿ ಬಂತು. ಬೋಸ್ ಅವರ ಹೆಸರು ಬೋಸಾನ್ ಆಗಿ ನಮ್ಮ ಭೌತಶಾಸ್ತ್ರ ಪುಸ್ತಕದಲ್ಲಿದೆ. ಘೋಷ್ ಪೀಠದ ದೇವೇಂದ್ರಮೋಹನ ಬೋಸ್ ಅಂತೂ ಹೆಚ್ಚಿನ ಓದಿಗೆ ಬರ್ಲಿನ್‌ಗೆ ಹೋಗಿ ಯುದ್ಧದಲ್ಲಿ ಸಿಕ್ಕಿಹಾಕಿಕೊಂಡು 1919ರವರೆಗೂ ವಾಪಸ್ಸು ಬರಲಾಗಲಿಲ್ಲ. ಕುರ್ಚಿ ಅವರಿಗಾಗಿ ಕಾದಿತ್ತು.

ಈ ಓಡಾಟದಲ್ಲಿ ಮೈಸೂರಿಗೂ ಒಂದು ಪಾಲಿದೆ. ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ ಹುಟ್ಟಿತಲ್ಲ, ಅದರ ಮೊದಲ ಘಟಿಕೋತ್ಸವಕ್ಕೆ 1918ರಲ್ಲಿ ಭಾಷಣ ಮಾಡಲು ಬಂದವರು ಆಶುತೋಷರೇ. ಆಮೇಲೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಹೇಳುತ್ತಿದ್ದ ಎಸ್. ರಾಧಾಕೃಷ್ಣನ್ ಅವರನ್ನು 1921ರಲ್ಲಿ ಕಲ್ಕತ್ತೆಗೆ ಕರೆಸಿಕೊಂಡರು. ಹುಡುಗರು ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ಎಳೆದು ಮೇಷ್ಟ್ರನ್ನು ರೈಲ್ವೆ ಸ್ಟೇಷನ್‌ಗೆ ಕರೆದೊಯ್ದ ಕಥೆ ಮೈಸೂರಿನಲ್ಲಿ ಇವತ್ತಿಗೂ ಹೇಳುತ್ತಾರೆ. ಕಲ್ಕತ್ತೆಯಲ್ಲಿ ಆ ಪೀಠದಲ್ಲಿ ಮೊದಲು ಇದ್ದ ಬ್ರಜೇಂದ್ರನಾಥ ಸೀಲ್ ಅವರು ಮೈಸೂರಿಗೆ ಬಂದು ಕುಲಪತಿಯಾದರು. ಒಂಥರಾ ಎಕ್ಸ್‌ಚೇಂಜ್ ಪ್ರೋಗ್ರಾಮ್!

ಬೇಡ ಅಂದ ದುಡ್ಡು

1921ರಲ್ಲಿ ಆಶುತೋಷರು ಮತ್ತೆ ಕುಲಪತಿಯಾದರು. ಈ ಹೊತ್ತಿಗೆ ವಿಶ್ವವಿದ್ಯಾಲಯದ ಖಜಾನೆ ಬರಿದಾಗಿತ್ತು. ಸ್ನಾತಕೋತ್ತರ ಪಾಠದ ಬಹುಪಾಲು ಖರ್ಚು ನಡೆಯುತ್ತಿದ್ದದ್ದು ಪರೀಕ್ಷಾ ಶುಲ್ಕದಿಂದ. ಅಸಹಕಾರ ಚಳವಳಿಯಲ್ಲಿ ವಿದ್ಯಾರ್ಥಿಗಳು ಕಾಲೇಜು ಬಿಟ್ಟರು, ಶುಲ್ಕ ಕುಸಿಯಿತು. ಪ್ರಾಧ್ಯಾಪಕರಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲ. ಟೀಕೆಯೂ ಜೋರಾಗಿಯೇ ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು, ಇವರು ಕೈಗೆ ದುಡ್ಡು ಬರುವ ಮುಂಚೆಯೇ ಹೊಸ ಹೊಸ ವಿಭಾಗ ತೆರೆದರು, ಎಲ್ಲವನ್ನೂ ತಾವೊಬ್ಬರೇ ನಿರ್ಧರಿಸುತ್ತಾರೆ ಅಂತ. ಇತಿಹಾಸಕಾರ ಜದುನಾಥ ಸರ್ಕಾರ್ ಅಂಥವರೇ ಟೀಕಿಸಿದರು. ಇದರಲ್ಲಿ ಹುರುಳಿಲ್ಲ ಅಂತ ನಾವು ಹೇಳುವುದಿಲ್ಲ. ಅವರ ಮೀಸೆ, ದನಿ, ಹಟ ನೋಡಿಯೇ ಜನ ಬಂಗಾಳದ ಹುಲಿ ಅಂತ ಹೆಸರಿಟ್ಟಿದ್ದು. ಹುಲಿಯ ಜೊತೆ ಕಮಿಟಿಯಲ್ಲಿ ಕೂರುವುದು ಸುಲಭವಿರಲಿಕ್ಕಿಲ್ಲ.

1922ರಲ್ಲಿ ಬಂಗಾಳ ಸರಕಾರ 2.5 ಲಕ್ಷ ರೂಪಾಯಿ ಕೊಡಲು ಮುಂದೆ ಬಂತು, ಷರತ್ತುಗಳ ಸಮೇತ. ಲೆಕ್ಕಪತ್ರದ ಪರಿಶೀಲನೆ ಇತ್ತು, ಜೊತೆಗೆ ಖರ್ಚು ತರುವ ಯಾವ ವಿಸ್ತರಣೆಯನ್ನೂ ಸರಕಾರವನ್ನು ಕೇಳದೆ ಮಾಡಬಾರದು ಅನ್ನುವಂಥದ್ದೂ ಇತ್ತು. ಸಂಬಳವಿಲ್ಲದ ಮೇಷ್ಟ್ರುಗಳ ಮುಂದೆ ಇಟ್ಟ ತಟ್ಟೆ ಅದು. ಆ ವರ್ಷದ ಡಿಸೆಂಬರ್‌ನಲ್ಲಿ ಆಶುತೋಷರ ಮುಂದಾಳತ್ವದಲ್ಲಿ ಸೆನೆಟ್ ಆ ಹಣವನ್ನು ಬೇಡ ಅಂದಿತು.

ಇಲ್ಲಿ ನಮಗೆ ಒಂದು ಪ್ರಶ್ನೆ ಬಂತು. ಸಂಪಾದಕ ಮಂಡಳಿಯಲ್ಲಿ ಇದರ ಮೇಲೆ ಜಗಳವೇ ಆಯಿತು ಅನ್ನಿ. ಪಾಲಿತ್ ಷರತ್ತನ್ನು ಒಪ್ಪಿದ ಮನುಷ್ಯ ಸರಕಾರದ ಷರತ್ತನ್ನು ಯಾಕೆ ಒಪ್ಪಲಿಲ್ಲ? ದುಡ್ಡು ಕೊಡುವವರು ಲೆಕ್ಕ ಕೇಳುವುದು ತಪ್ಪಾ? ಯೋಚಿಸಿದಾಗ ನಮಗೆ ತೋಚಿದ್ದು ಇಷ್ಟು. ಪಾಲಿತ್ ಅವರ ಷರತ್ತು ದತ್ತಿಪತ್ರಕ್ಕೆ ಸಹಿ ಹಾಕುವಾಗ ಒಂದು ಸಲ ಹೇಳಿದ್ದು. ಅದು ಯಾರಿಗಾಗಿ, ಯಾವುದಕ್ಕಾಗಿ ಅಂತ ಹೇಳಿ ಮುಗಿಯಿತು. ಆಮೇಲೆ ಪೀಠದಲ್ಲಿ ಕೂತವರು ಬೆಳಕಿನ ಮೇಲೆ ಕೆಲಸ ಮಾಡುತ್ತಾರೋ ವೀಣೆಯ ತಂತಿಯ ಮೇಲೆ ಮಾಡುತ್ತಾರೋ ಕೇಳಲು ದಾನಿ ಬರುವುದಿಲ್ಲ. ರಾಮನ್ ಎರಡನ್ನೂ ಮಾಡಿದರು! ಸರಕಾರ ಕೇಳಿದ್ದು ಪ್ರತಿ ಹೆಜ್ಜೆಗೂ ಅನುಮತಿ. ಮೊದಲನೆಯದು ದಾರಿಯ ಗಡಿ, ಎರಡನೆಯದು ಕೈಗೆ ಕಟ್ಟಿದ ಹಗ್ಗ. ಆಸ್ತಿಯನ್ನು ಎಷ್ಟು ಕಟ್ಟಬಹುದು, ಎಲ್ಲಿ ಬಿಡಬೇಕು ಅಂತ ಪುಸ್ತಕ ಬರೆದವರಿಗೆ ಈ ವ್ಯತ್ಯಾಸ ಗೊತ್ತಿತ್ತು. ಆದರೂ ನಮ್ಮಲ್ಲಿ ಒಂದಿಬ್ಬರು ಒಪ್ಪಲಿಲ್ಲ. ಹಟದ ಬೆಲೆ ತೆತ್ತದ್ದು ಸಂಬಳ ಸಿಗದ ಮೇಷ್ಟ್ರುಗಳ ಮನೆಯವರು ಅಂತ ಅವರ ವಾದ. ಅದೂ ನಿಜವೇ.

1923ರ ಮಾರ್ಚ್‌ನಲ್ಲಿ ಗವರ್ನರ್ ಲಾರ್ಡ್ ಲಿಟ್ಟನ್ ಕಾಗದ ಬರೆದು, ಸರಕಾರದ ಜೊತೆ ಹೊಂದಿಕೊಂಡು ಹೋಗುವುದಾದರೆ ಮತ್ತೆ ಕುಲಪತಿ ಮಾಡುವ ಮಾತಾಡಿದರು. ಆಶುತೋಷರು ಖಾರವಾದ ಉತ್ತರ ಬರೆದು ಹುದ್ದೆ ಬಿಟ್ಟು ನಡೆದರು.

ಮಗಳ ಹೆಸರಿನಲ್ಲಿ

ಆ ಜಗಳದ ನಡುವೆಯೇ, 1923ರ ಜನವರಿಯಲ್ಲಿ, ಅವರ ಮಗಳು ಕಮಲಾ ತೀರಿಕೊಂಡಿದ್ದಳು. ಚಿಕ್ಕ ವಯಸ್ಸಿನಲ್ಲೇ ವಿಧವೆಯಾದ ಮಗಳು. 1908ರಲ್ಲಿ ಸಂಪ್ರದಾಯಸ್ಥರ ವಿರೋಧಕ್ಕೆ ಬಗ್ಗದೆ ಅವಳಿಗೆ ಮರುಮದುವೆ ಮಾಡಿಸಿದ್ದರು. ಮುಂದಿನ ವರ್ಷ ಆಶುತೋಷರು ತಮ್ಮ ಕೈಯಿಂದ 40 ಸಾವಿರ ರೂಪಾಯಿ ವಿಶ್ವವಿದ್ಯಾಲಯಕ್ಕೆ ಕೊಟ್ಟು ಕಮಲಾ ಉಪನ್ಯಾಸ ದತ್ತಿ ಸ್ಥಾಪಿಸಿದರು. ಆ ತನಕ ಬೇರೆಯವರಿಂದ ಬರೆಸಿಕೊಂಡಿದ್ದ ಕಾಗದಕ್ಕೆ ಈ ಸಲ ದಾನಿಯಾಗಿ ತಾವೇ ಸಹಿ ಹಾಕಿದರು. ರವೀಂದ್ರನಾಥ ಟಾಗೋರರು ಮನುಷ್ಯಧರ್ಮದ ಕುರಿತು ಮಾತಾಡಿದ್ದು ಮುಂದೆ ಇದೇ ದತ್ತಿಯ ಅಡಿಯಲ್ಲಿ.

ನ್ಯಾಯಾಧೀಶ ಹುದ್ದೆಯಿಂದ ನಿವೃತ್ತರಾದ ಮೇಲೆ ಅವರು ಮತ್ತೆ ವಕೀಲಿಗೆ ಇಳಿದರು. ಡುಮರಾಂವ್ ಸಂಸ್ಥಾನದ ಮೊಕದ್ದಮೆ ವಾದಿಸಲು ಪಾಟ್ನಾಕ್ಕೆ ಹೋದವರು ಅಲ್ಲೇ 1924ರ ಮೇ 25ರಂದು ತೀರಿಕೊಂಡರು. ಅರವತ್ತು ತುಂಬಲು ಒಂದು ತಿಂಗಳು ಬಾಕಿ ಇತ್ತು. ರಾಮನ್ ಪರಿಣಾಮ ನೋಡಲು ಅವರು ಇರಲಿಲ್ಲ. ನಾಲ್ಕು ವರ್ಷ ಮುಂಚೆಯೇ ಹೋಗಿಬಿಟ್ಟರು.

ಜನ ಅವರನ್ನು ನ್ಯಾಯಾಧೀಶ ಅಂತ, ಹುಲಿ ಅಂತ ನೆನೆಯುತ್ತಾರೆ. ನಮಗೆ ನೆನಪಿರುವುದು, ಒಂದು ವರ್ಷದ ಸಂಬಳ ಹುಟ್ಟದೆ ಗಣಿತ ಬಿಟ್ಟ ಆ ಹುಡುಗ. ದುಡ್ಡೇ ದೊಡ್ಡಪ್ಪ, ವಿದ್ಯೆ ಅದರಪ್ಪ ಅಂತ ನಮ್ಮಲ್ಲಿ ಗಾದೆ ಇದೆ. ಆದರೆ ಆ ಅಪ್ಪನ ಊಟಕ್ಕೂ ಯಾರಾದರೂ ಏರ್ಪಾಡು ಮಾಡಬೇಕಲ್ಲ, ಆ ಕೆಲಸವನ್ನು ಆಶುತೋಷರು ಮಾಡಿದರು. ಬರುವ ಫೆಬ್ರವರಿ 28ಕ್ಕೆ ಕ್ವಿಜ್ ನಡೆಸುವ ಜೂನಿಯರ್‌ಗಳಿಗೆ ನಮ್ಮದೊಂದು ಕೋರಿಕೆ. ರಾಮನ್ ಸಂಬಳದ ಪ್ರಶ್ನೆಯನ್ನು ಈ ಸಲ ಸೇರಿಸಿ. ಉತ್ತರ ನಿಮಗೆ ಗೊತ್ತಿದೆ.